ವಿಳಾಸದ ಬದಲಿಗೆ ಹೆಸರು: ಕ್ರಿಪ್ಟೋ ರವಾನೆಯಲ್ಲಿ ಎಷ್ಟು ಸುರಕ್ಷಿತ?

ಹಣವು ತಪ್ಪು ಖಾತೆಗೆ ಜಮೆಯಾದರೆ ಬ್ಯಾಂಕಿನ ಶಾಖೆಗೆ ಹೋಗಿ ಅರ್ಜಿ ಕೊಡಲು ಅವಕಾಶವಿದೆ. ಕ್ರಿಪ್ಟೋ ಆಸ್ತಿಗಳ ರವಾನೆಯಲ್ಲಿ ಅಂತಹ ಶಾಖೆಯೂ ಇಲ್ಲ, ವ್ಯವಸ್ಥಾಪಕರೂ ಇಲ್ಲ. ಬ್ಲಾಕ್‌ಚೈನ್ ದಾಖಲೆಗೆ ಒಮ್ಮೆ ಸೇರಿದ ವರ್ಗಾವಣೆಯನ್ನು ಕಳುಹಿಸಿದವನು ರದ್ದುಪಡಿಸಲಾರ. ಆದುದರಿಂದ ಹಣ ಸೇರಬೇಕಾದ ವಿಳಾಸವನ್ನು ಸರಿಯಾಗಿ ನಮೂದಿಸುವುದೇ ಇಲ್ಲಿ ಮುಖ್ಯ.

ಎಥೀರಿಯಂ ಜಾಲದ ವಿಳಾಸವು 42 ಅಕ್ಷರಗಳದ್ದು. ಮೊದಲೆರಡು ಗುರುತಿನ ಅಕ್ಷರಗಳನ್ನು ಬಿಟ್ಟರೆ ಉಳಿದ 40, ಅಂಕಿಗಳು ಹಾಗೂ ಎ ಯಿಂದ ಎಫ್ ವರೆಗಿನ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸರಣಿ. ಇದನ್ನು ಪೂರ್ತಿ ಓದುವವರು ವಿರಳ. ಮೊದಲ ನಾಲ್ಕು ಮತ್ತು ಕೊನೆಯ ನಾಲ್ಕನ್ನು ನೋಡಿ ತೃಪ್ತರಾಗುವುದೇ ರೂಢಿ. ವಂಚಕರು ಈ ರೂಢಿಯನ್ನೇ ಬಂಡವಾಳ ಮಾಡಿಕೊಂಡಿದ್ದಾರೆ. ಆದಿ ಅಂತ್ಯಗಳು ಹೋಲುವಂತಹ ವಿಳಾಸವನ್ನು ಸೃಷ್ಟಿಸಿ, ಅದರಿಂದ ನಗಣ್ಯ ಮೊತ್ತದ ವ್ಯವಹಾರವೊಂದನ್ನು ನಡೆಸಿ, ನಮ್ಮ ವ್ಯಾಲೆಟ್ಟಿನ ಹಿಂದಿನ ವ್ಯವಹಾರಗಳ ಪಟ್ಟಿಯಲ್ಲಿ ಅದು ಕಾಣುವಂತೆ ಮಾಡುತ್ತಾರೆ. ಇದಕ್ಕೆ ‘ಅಡ್ರೆಸ್ ಪಾಯ್ಸನಿಂಗ್’ ಎಂದು ಹೆಸರು. 2024ರ ಮೇ ತಿಂಗಳಲ್ಲಿ ಒಬ್ಬರು ಮೊದಲು ಸರಿಯಾದ ವಿಳಾಸಕ್ಕೆ ಸಣ್ಣ ಮೊತ್ತವನ್ನು ಪರೀಕ್ಷಾರ್ಥವಾಗಿ ಕಳುಹಿಸಿ, ಬಳಿಕ ಪಟ್ಟಿಯಿಂದ ನಕಲು ಮಾಡಿಕೊಂಡ ಹುಸಿ ವಿಳಾಸಕ್ಕೆ 1,155 ‘ರ‍್ಯಾಪ್ಡ್ ಬಿಟ್‌ಕಾಯಿನ್’ ರವಾನಿಸಿದರು. ಅಂದಿನ ಮೌಲ್ಯ ಸುಮಾರು 6.8 ಕೋಟಿ ಡಾಲರ್. ಕೆಲವು ದಿನಗಳ ನಂತರ ವಂಚಕನು ಬಹುಪಾಲನ್ನು ಹಿಂದಿರುಗಿಸಿದನು. ಅಂತಹ ಅದೃಷ್ಟ ಎಲ್ಲರಿಗೂ ಇರಲಾರದು.

ಈ ತೊಡಕಿಗೆ ಪರಿಹಾರವಾಗಿ 2017ರ ಮೇ ತಿಂಗಳಲ್ಲಿ ‘ಎಥೀರಿಯಂ ನೇಮ್ ಸರ್ವಿಸ್’ ಆರಂಭವಾಯಿತು. ಅಂತರಜಾಲ ತಾಣಗಳಿಗೆ ಓದಬಲ್ಲ ಹೆಸರುಗಳಿರುವಂತೆ ಇಲ್ಲಿ ವ್ಯಾಲೆಟ್ ವಿಳಾಸಗಳಿಗೂ ‘ಡಾಟ್ ಇಟಿಎಚ್’ ಎಂದು ಕೊನೆಗೊಳ್ಳುವ ಹೆಸರುಗಳಿವೆ. ಎಥೀರಿಯಂನ ಸಹಸಂಸ್ಥಾಪಕ ವಿಟಾಲಿಕ್ ಬ್ಯುಟೆರಿನ್ ಅವರದು ‘ವಿಟಾಲಿಕ್ ಡಾಟ್ ಇಟಿಎಚ್’. ಕಳುಹಿಸುವವರು ಈ ಹೆಸರನ್ನು ಬರೆದರೆ, ವ್ಯಾಲೆಟ್ ತಂತ್ರಾಂಶವು ಬ್ಲಾಕ್‌ಚೈನ್ ಮೇಲಿನ ನೋಂದಣಿಯನ್ನು ನೋಡಿ ಅದಕ್ಕೆ ಸೇರಿದ 42 ಅಕ್ಷರಗಳ ವಿಳಾಸವನ್ನು ತಾನೇ ತರುತ್ತದೆ. ಹಳೆಯ ಪಟ್ಟಿಯಿಂದ ನಕಲು ಮಾಡುವ ಅಗತ್ಯವೇ ಇಲ್ಲವಾದ್ದರಿಂದ ಮೇಲೆ ಹೇಳಿದ ಬಗೆಯ ವಂಚನೆಗೆ ಆಸ್ಪದ ಬಹಳಷ್ಟು ಕಡಿಮೆಯಾಗುತ್ತದೆ.

ಆದರೆ ಈ ಹೆಸರಿಗೂ ಬ್ಯಾಂಕ್ ಖಾತೆದಾರರ ಹೆಸರಿಗೂ ಇರುವ ವ್ಯತ್ಯಾಸವನ್ನು ನಮ್ಮ ಸದಸ್ಯರು ಮರೆಯಬಾರದು. ಆರ್‌ಟಿಜಿಎಸ್ ಮತ್ತು ನೆಫ್ಟ್ ರವಾನೆಗೆ ಮುನ್ನ ಫಲಾನುಭವಿಯ ಹೆಸರನ್ನು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸೂಚಿಸಿತ್ತು. ಅಲ್ಲಿ ಕಾಣುವ ಹೆಸರು ಬ್ಯಾಂಕು ಗುರುತಿನ ದಾಖಲೆ ಪರಿಶೀಲಿಸಿ ಬರೆದುಕೊಂಡದ್ದು. ‘ಡಾಟ್ ಇಟಿಎಚ್’ ಹೆಸರನ್ನಾದರೋ ಶುಲ್ಕ ಕಟ್ಟಿದ ಯಾರು ಬೇಕಾದರೂ ಪಡೆಯಬಹುದು; ಗುರುತಿನ ಚೀಟಿಯನ್ನು ಕೇಳುವವರಿಲ್ಲ. ತಮ್ಮ ಸಂಸ್ಥೆಯ ಹೆಸರನ್ನು ಇನ್ನೊಬ್ಬರು ಮೊದಲೇ ನೋಂದಾಯಿಸಿಕೊಂಡಿರಬಹುದು. ಇಂಗ್ಲಿಷಿನ ‘ಓ’ ಅಕ್ಷರಕ್ಕೆ ಬದಲಾಗಿ ಸೊನ್ನೆಯಿದ್ದರೆ ಅದು ಬೇರೆಯೇ ಹೆಸರು, ಬೇರೆಯೇ ಒಡೆಯ. ಕೈತಪ್ಪಿನಿಂದ ಕಾಪಾಡುವ ಸಾಧನವನ್ನು ಎದುರು ಪಕ್ಷದ ಪ್ರಾಮಾಣಿಕತೆಗೆ ಪ್ರಮಾಣಪತ್ರವೆಂದು ಭಾವಿಸಲಾಗದು. ಹೆಸರಿನ ಕಾಗುಣಿತವನ್ನು ಮೊದಲ ಬಾರಿಗೆ ದೂರವಾಣಿಯಲ್ಲಿ, ತಾವು ಮೊದಲಿನಿಂದ ಬಲ್ಲ ಸಂಖ್ಯೆಗೆ ಕರೆಮಾಡಿಯೇ ಖಚಿತಪಡಿಸಿಕೊಳ್ಳುವುದು ಲೇಸು. ಅನಂತರ ವ್ಯಾಲೆಟ್ ತೋರಿಸುವ ವಿಳಾಸವನ್ನು ಮಧ್ಯದ ಅಕ್ಷರಗಳೂ ಸೇರಿದಂತೆ ಒಮ್ಮೆ ಓದಿಸಿ ಕೇಳಬೇಕು.

ಹೆಸರು ಶಾಶ್ವತವೂ ಅಲ್ಲ. 2019ರಲ್ಲಿ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಐದು ಅಥವಾ ಹೆಚ್ಚು ಅಕ್ಷರಗಳ ಹೆಸರಿಗೆ ವರ್ಷಕ್ಕೆ 5 ಡಾಲರ್, ನಾಲ್ಕಕ್ಷರಕ್ಕೆ 160, ಮೂರಕ್ಷರಕ್ಕೆ 640 ಡಾಲರ್ ಎಂದು ನಿಗದಿಯಾಯಿತು. ಜಾಲದ ವೆಚ್ಚ ಪ್ರತ್ಯೇಕ. ಅವಧಿ ಮೀರಿದ ಮೇಲೆ 90 ದಿನಗಳ ರಿಯಾಯಿತಿ ಕಾಲವನ್ನೂ ಇಟ್ಟರು. ಅದೂ ಕಳೆದರೆ ಹೆಸರು ಪರರ ಪಾಲಾಗಬಹುದು, ಹಳೆಯ ಗ್ರಾಹಕರ ಹಣವೂ ಅವರತ್ತ ಹರಿಯಬಹುದು. ಅಲ್ಲದೆ ಹೆಸರು ಜಾಹೀರಾದೊಡನೆ ಅದರ ಹಿಂದಿನ ವಿಳಾಸದ ಶಿಲ್ಕು ಮತ್ತು ವ್ಯವಹಾರಗಳು ಯಾರು ಬೇಕಾದರೂ ನೋಡಬಲ್ಲ ತೆರೆದ ಪುಸ್ತಕವಾಗುತ್ತವೆ. ಪ್ರತಿಸ್ಪರ್ಧಿಗೆ ತನ್ನ ಲೆಕ್ಕವನ್ನು ತೋರಿಸಲು ಯಾವ ವ್ಯಾಪಾರಿ ಒಪ್ಪುತ್ತಾನೆ? ವ್ಯವಹಾರದ ಹೆಸರಿಗೆ ಪ್ರತ್ಯೇಕ ವ್ಯಾಲೆಟ್ ಇರಿಸಿ, ಉಳಿತಾಯವನ್ನು ಬೇರೆಡೆ ಇಡುವುದು ಈ ಕಾರಣಕ್ಕೆ ಉಚಿತ.

ಆಮದು ರಫ್ತಿನ ಹಣವು ಅಧಿಕೃತ ಬ್ಯಾಂಕುಗಳ ಮೂಲಕ ಸಾಗಬೇಕೆಂಬುದು ನಮ್ಮ ವಿದೇಶಿ ವಿನಿಮಯ ಪದ್ಧತಿಯಾದ್ದರಿಂದ, ವಿದೇಶಿ ಸರಬರಾಜುದಾರರಿಗೆ ಹೀಗೆ ಪಾವತಿಸಿರಿ ಎಂಬ ಸಲಹೆಯನ್ನು ಈ ಲೇಖನ ನೀಡುವುದಿಲ್ಲ. ಇಂತಹ ಆಸ್ತಿಗಳನ್ನು ಹೂಡಿಕೆಯಾಗಿ ಹೊಂದಿರುವವರಿಗೆ 2022ರಿಂದ ಲಾಭದ ಮೇಲೆ ಶೇಕಡ 30ರ ತೆರಿಗೆಯೂ ವರ್ಗಾವಣೆಯ ಮೇಲೆ ಶೇಕಡ 1ರ ಮೂಲ ತೆರಿಗೆ ಕಡಿತವೂ ಅನ್ವಯಿಸುತ್ತಿವೆ. ಲೆಕ್ಕಪುಸ್ತಕದಲ್ಲಿ ಹೆಸರನ್ನಷ್ಟೇ ನಮೂದಿಸಿದರೆ ಸಾಲದು. ಒಡೆಯನು ಹೆಸರಿನ ಹಿಂದಿನ ವಿಳಾಸವನ್ನು ಯಾವಾಗ ಬೇಕಾದರೂ ಬದಲಾಯಿಸಬಹುದಾದ್ದರಿಂದ, ರವಾನೆಯ ದಿನ ಆ ಹೆಸರು ಸೂಚಿಸಿದ ಪೂರ್ಣ ವಿಳಾಸ, ವ್ಯವಹಾರದ ಸಂಖ್ಯೆ ಮತ್ತು ಅಂದಿನ ರೂಪಾಯಿ ಮೌಲ್ಯ ಈ ಮೂರನ್ನೂ ಅಂದೇ ಬರೆದಿಡಬೇಕು.