ಜ್ವರದ ಹುಡುಕಾಟದಿಂದ ರಕ್ತಪರೀಕ್ಷೆಯ ಬೇಡಿಕೆ ಅಂದಾಜು

ಭದ್ರಾ ನಾಲೆಗೆ ನೀರು ಬಂದು ದಾವಣಗೆರೆ, ಹರಿಹರ ತಾಲ್ಲೂಕುಗಳಲ್ಲಿ ಮುಂಗಾರು ಭತ್ತದ ನಾಟಿ ನಡೆಯುವ ದಿನಗಳೇ ಡೆಂಗಿ ಜ್ವರ ಹೆಚ್ಚುವ ದಿನಗಳೂ ಹೌದು. ನಾಟಿಯ ವಾರದಲ್ಲಿ ಮನೆಯ ಇಬ್ಬರು ಹಾಸಿಗೆ ಹಿಡಿದರೆ ಆಗುವ ನಷ್ಟವನ್ನು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಸಮಯದಲ್ಲಿ ಪರೀಕ್ಷಾ ಕಿಟ್ಟುಗಳು ಎಷ್ಟು ಬೇಕಾದಾವು ಎಂಬುದು ಮುಂಚಿತವಾಗಿ ತಿಳಿದರೆ ಅನುಕೂಲ.

ಜ್ವರ ಬಂದವರು ವೈದ್ಯರ ಬಳಿ ಹೋಗುವ ಮೊದಲೇ ಮೊಬೈಲಿನಲ್ಲಿ 'ಜ್ವರ, ಕಣ್ಣಿನ ಹಿಂದೆ ನೋವು' ಎಂದು ಹುಡುಕುವುದುಂಟು. ಈ ಹುಡುಕಾಟಗಳನ್ನು ಎಣಿಸಿ ರೋಗದ ಏರಿಳಿತ ಹೇಳುವ ಪ್ರಯತ್ನವನ್ನು ಗೂಗಲ್ ಸಂಸ್ಥೆ 2008ರಲ್ಲಿ ಅಮೆರಿಕದ ಫ್ಲೂ ಜ್ವರದಿಂದ ಆರಂಭಿಸಿತು. 2011ರಲ್ಲಿ ಡೆಂಗಿಗೂ ವಿಸ್ತರಿಸಿದಾಗ ಭಾರತವೂ ಅದರಲ್ಲಿ ಸೇರಿತ್ತು. ಆದರೆ 2012-13ರ ಚಳಿಗಾಲದಲ್ಲಿ ಫ್ಲೂ ಅಂದಾಜು ಸರ್ಕಾರಿ ಅಂಕಿಗಳ ಸುಮಾರು ಇಮ್ಮಡಿಯಾಯಿತು. ಸುದ್ದಿ ಓದಿ ಹೆದರಿದ ಆರೋಗ್ಯವಂತರೂ ಹುಡುಕಿದ್ದು ಇದಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. 2015ರಲ್ಲಿ ಈ ಸೇವೆಯನ್ನು ನಿಲ್ಲಿಸಲಾಯಿತು.

ಈಗಲೂ ಸಾರ್ವಜನಿಕರು ನೋಡಬಹುದಾದ ಹುಡುಕಾಟದ ರೇಖಾಚಿತ್ರ ಇದೆ. ಅದು ತೋರಿಸುವುದು ಜನರ ಸಂಖ್ಯೆಯನ್ನಲ್ಲ, 0ರಿಂದ 100ರವರೆಗಿನ ತುಲನಾತ್ಮಕ ಅಂಕವನ್ನು. ಹರಿಹರದಷ್ಟು ಚಿಕ್ಕ ಊರಿಗೆ ಆ ಅಂಕ ಸಿಗದೆ ಹೋಗಬಹುದು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವನ್ನು ಬರೆದು ಹುಡುಕುವುದರಿಂದ ಲೆಕ್ಕ ಒಡೆಯುತ್ತದೆ. ಹರಿಹರದಲ್ಲಿ ಹುಡುಕಿದವರು ಪರೀಕ್ಷೆಗೆ ದಾವಣಗೆರೆಗೆ ಬರುವುದೂ ಇದೆ. ಆದ್ದರಿಂದ ಎರಡೂ ಊರುಗಳ ಬೇಡಿಕೆಯನ್ನು ಒಟ್ಟಾಗಿ ನೋಡುವುದೇ ಸರಿ. ಆಶಾ ಕಾರ್ಯಕರ್ತೆಯರು ತಿಳಿಸುವ ಜ್ವರದ ಪ್ರಕರಣಗಳು, ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿಗಳ ಪುಸ್ತಕ, ಇವುಗಳ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ಹುಡುಕಾಟದ ರೇಖೆಗೆ ಅರ್ಥ ಬರುತ್ತದೆ. ಮೂರೂ ಏರಿದರೆ ನಂಬಬಹುದು. ಹುಡುಕಾಟ ಒಂದೇ ಏರಿದ್ದರೆ ಆ ವಾರದ ಟಿ.ವಿ. ಸುದ್ದಿಯನ್ನು ಮೊದಲು ವಿಚಾರಿಸುವುದು ಲೇಸು.

ಯಾವ ಕಿಟ್ಟು ಎಂಬುದೂ ಮುಖ್ಯ. ಎನ್‌ಎಸ್1 ಪರೀಕ್ಷೆ ಜ್ವರ ಬಂದ ಮೊದಲ ಐದು ದಿನಗಳಲ್ಲಿ ಉಪಯುಕ್ತ. ಐಜಿಎಂ ಪರೀಕ್ಷೆ ಐದನೆಯ ದಿನದ ನಂತರದ್ದು. ಹುಡುಕಾಟ ಸಾಮಾನ್ಯವಾಗಿ ಕಾಯಿಲೆಯ ಆರಂಭದಲ್ಲೇ ನಡೆಯುವುದರಿಂದ ಮೊದಲು ಬೇಕಾಗುವುದು ಎನ್‌ಎಸ್1. ಐಜಿಎಂಗೆ ಬೇಡಿಕೆ ಕೆಲವು ದಿನ ತಡವಾಗಿ ಬರುತ್ತದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ರೋಗಿಗೆ ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆ ಕೊಡಬಾರದು, ರಕ್ತಸ್ರಾವದ ಅಪಾಯವಿದೆ. ಜ್ವರ ಇಳಿದ ಮೇಲೆ ತೀವ್ರ ಹೊಟ್ಟೆನೋವು, ಬಿಡದ ವಾಂತಿ ಕಂಡರೆ ತಕ್ಷಣ ಆಸ್ಪತ್ರೆಗೆ ಸೇರಿಸಬೇಕು.

ರೇಖೆ ಏರಿದ ವಾರವೇ ಮನೆಯ ಸುತ್ತ ಕೆಲಸವಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಭತ್ತದ ಗದ್ದೆಯದಲ್ಲ; ಸಿಮೆಂಟ್ ತೊಟ್ಟಿ, ಹಳೆಯ ಟೈರು, ಅಡಿಕೆ ತೋಟದಲ್ಲಿ ಬಿದ್ದು ನೀರು ನಿಂತ ಹಾಳೆಗಳಲ್ಲಿ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಬೇಕು. ಆದ್ದರಿಂದ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ಒಳಗೋಡೆ ಉಜ್ಜಿ ಒಣಗಿಸಬೇಕು. ಹಾಳೆಗಳನ್ನು ಆಯ್ದು ಗೊಬ್ಬರದ ಗುಂಡಿಗೆ ಹಾಕಬೇಕು.