ಎರೆಮೀನು ಮತ್ತು ಗಾಳಗಾರ

ಈ ಸುವರ್ಣ ಮಹೋತ್ಸವದ ಸಂಚಿಕೆಗೆ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ತರಗತಿಯಲ್ಲೇ ಆಯುಷ್ಯ ಕಳೆದ ನಾನು ಪಾಠವೊಂದನ್ನು ಬರೆಯುವುದೇ ಯುಕ್ತವೆಂದು ತೋರಿತು. ನಮ್ಮ ಕಾಸರಗೋಡಿನ ಹೊಳೆಬಾಯಿಗಳಲ್ಲಿ ಗಾಳ ಹಾಕಿ ಬೆಳೆದ ಹಳೆ ವಿದ್ಯಾರ್ಥಿಗಳಿಗೆ ದೊಡ್ಡ ಮೀನಿಗೆ ಸಣ್ಣ ಮೀನೇ ಎರೆಯೆಂದು ಹೇಳಬೇಕಾಗಿಲ್ಲ. ಆ ಸಣ್ಣ ಮೀನೇ ಕಡಲಿನಲ್ಲಿ ಕಡಿಮೆಯಾದರೆ?

ಅಮೆರಿಕದ ಪೂರ್ವ ಕರಾವಳಿಯಲ್ಲಿ ಇದು ಬಹುಕಾಲದ ವಿವಾದ. ಅಲ್ಲಿಯ ಚೆಸಪೀಕ್ ಕೊಲ್ಲಿಯಲ್ಲಿ ಮೆನ್‌ಹೇಡನ್ ಎಂಬ ಮೀನಿದೆ. ನಮ್ಮ ಬೂತಾಯಿಯಂತೆ ಎಣ್ಣೆಯುಳ್ಳದ್ದು. ಹಿಂಡುಹಿಂಡಾಗಿ ಸಂಚರಿಸಿ ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಮನುಷ್ಯರು ಅದನ್ನು ಉಣ್ಣುವುದು ಅಪರೂಪ. ಆದರೆ ಹವ್ಯಾಸಿ ಗಾಳಗಾರರಿಗೆ ಅತಿಪ್ರಿಯವಾದ ಸ್ಟ್ರೈಪ್ಡ್ ಬಾಸ್ ಮೀನಿಗೂ, ಆಸ್ಪ್ರೆ ಎಂಬ ಮೀನುಹದ್ದಿಗೂ ಅದು ಮುಖ್ಯ ಆಹಾರ.

ವಾಣಿಜ್ಯ ಹಡಗುಗಳವರು ವಿಮಾನದಿಂದ ಹಿಂಡನ್ನು ಗುರುತಿಸಿ, ಸುತ್ತುಬಲೆ ಬೀಸಿ ಒಮ್ಮೆಗೇ ಬಾಚುತ್ತಾರೆ. ವರ್ಜೀನಿಯಾದ ರೀಡ್‌ವಿಲ್ ಊರಿನ ಕಾರ್ಖಾನೆಯಲ್ಲಿ ಅದು ಹುಡಿ ಮತ್ತು ಎಣ್ಣೆಯಾಗುತ್ತದೆ. ಇನ್ನೊಂದು ಪಾಲು ಏಡಿ ಹಾಗೂ ಲಾಬ್‌ಸ್ಟರ್ ಹಿಡಿಯುವ ಬೋನುಗಳಿಗೆ ಎರೆಯಾಗಿ ಹೋಗುತ್ತದೆ. ಹಿಂಡು ಚದುರಿದರೆ ಅದನ್ನು ಬೆನ್ನಟ್ಟುವ ದೊಡ್ಡ ಮೀನೂ ದಡವನ್ನು ಬಿಡುತ್ತದೆ, ಇಲ್ಲವೇ ಬಡಕಲಾಗುತ್ತದೆ ಎಂಬುದು ಗಾಳಗಾರರ ದೂರು. ಕೊಲ್ಲಿಯೊಳಗೆ ಈ ಹಾನಿ ಎಷ್ಟೆಂಬುದರಲ್ಲಿ ಒಮ್ಮತವಿಲ್ಲ.

ಆದರೂ 2017ರಲ್ಲಿ ಕಾರ್ಖಾನೆಗಾಗಿ ಕೊಲ್ಲಿಯಲ್ಲಿ ಹಿಡಿಯಬಹುದಾದ ಪ್ರಮಾಣವನ್ನು ವರ್ಷಕ್ಕೆ 51,000 ಟನ್ನಿಗೆ ಮಿತಿಗೊಳಿಸಿದರು. 2020ರಲ್ಲಿ ಇನ್ನೊಂದು ಹೆಜ್ಜೆಯಿಟ್ಟರು. ‘ಎಷ್ಟು ಹಿಡಿದರೆ ಈ ಮೀನು ಉಳಿದೀತು?’ ಎಂಬ ಹಳೆಯ ಪ್ರಶ್ನೆಯ ಜೊತೆಗೆ ‘ಇದನ್ನು ತಿಂದು ಬದುಕುವ ಸ್ಟ್ರೈಪ್ಡ್ ಬಾಸಿಗೆ ಎಷ್ಟು ಬಿಡಬೇಕು?’ ಎಂಬುದೂ ಲೆಕ್ಕಕ್ಕೆ ಬಂದಿತು. ಪಾಠದ ತಿರುಳು ಇಲ್ಲಿದೆ.

ಗಾಳಗಾರನೂ ಪೂರ್ಣ ನಿರ್ದೋಷಿಯಲ್ಲ. ಸ್ಟ್ರೈಪ್ಡ್ ಬಾಸನ್ನು ಮಿತಿಮೀರಿ ಹಿಡಿಯಲಾಗಿದೆ ಎಂದು 2019ರ ಪರಿಶೀಲನೆ ತಿಳಿಸಿತು. ಅದರಲ್ಲಿ ದೊಡ್ಡ ಪಾಲು ಹವ್ಯಾಸಿಗಳದೇ ಆಗಿತ್ತು. ಹಿಡಿದು ಮರಳಿ ನೀರಿಗೆ ಬಿಟ್ಟ 100 ಮೀನುಗಳಲ್ಲಿ 9 ಸಾಯುತ್ತವೆಂದು ಅಲ್ಲಿಯ ತಜ್ಞರು ಲೆಕ್ಕ ಹಿಡಿಯುತ್ತಾರೆ. ಬಲೆಯವನನ್ನು ದೂರುವಾಗ ತನ್ನ ಕೊಕ್ಕೆಯನ್ನೂ ನೋಡಿಕೊಳ್ಳುವುದು ನ್ಯಾಯ.

ನಮ್ಮ ಕಡಲಿಗೂ ಈ ಮಾತು ದೂರದ್ದಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಇಳಿಯಿತು, ಅನಂತರ ಚೇತರಿಸಿಕೊಂಡಿತು. ಕಡಲಿನ ಹವಾಮಾನದ ಏರುಪೇರೂ ಇದಕ್ಕೆ ಕಾರಣ. ಎಲ್ಲವನ್ನೂ ಬಲೆಯ ಮೇಲೆ ಹೊರಿಸಲಾಗದು. ಆದರೆ ಮರಿಗಳನ್ನು ಹುಡಿಯ ಕಾರ್ಖಾನೆಗೆ ಬಾಚಿದರೆ ಚೇತರಿಕೆಗೆ ಬೀಜವೆಲ್ಲಿ? ಅದಕ್ಕಾಗಿಯೇ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿ ಹಿಡಿಯಬಾರದೆಂದು ಕೇರಳದ ನಿಯಮವಿದೆ. ಅಂಜಲಿನ ಹೊಟ್ಟೆ ಸೀಳಿದಾಗ ಬೂತಾಯಿ ಕಂಡ ಗೃಹಿಣಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಪ್ರಿಯ ವಿದ್ಯಾರ್ಥಿಗಳೇ, ಮುಂದಿನ ಸಲ ಮಾರುಕಟ್ಟೆಯಲ್ಲಿ ಬೆರಳುದ್ದದ ಬೂತಾಯಿಯನ್ನು ಕಂಡರೆ ಅಳತೆಪಟ್ಟಿಯನ್ನು ನೆನೆಯಿರಿ. ಕಡಿಮೆ ಬೆಲೆಯೆಂದು ಕೊಳ್ಳಬೇಡಿ. ಇದಿಷ್ಟೇ ಈ ಮುದಿ ಮಾಸ್ತರನು ಕೊಡುವ ಮನೆಪಾಠ.