ಹಂಚಿಕೆ ಕಚೇರಿ ಉದ್ಯಮದ ಮುಂದಾಳುಗಳು: ಹೆಸರಿಗಿಂತ ಮೊದಲು ಕರಾರನ್ನು ಓದಬೇಕು

ಒಂದೇ ಸೂರಿನ ಕೆಳಗೆ ಹಲವರು ವಹಿವಾಟು ನಡೆಸುವ ಪದ್ಧತಿ ಮೈಸೂರಿಗೆ ಹೊಸದೇನಲ್ಲ. ದೇವರಾಜ ಮಾರುಕಟ್ಟೆ ತಲೆಮಾರುಗಳಿಂದ ಇದೇ ತತ್ತ್ವದ ಮೇಲೆ ನಡೆದುಬಂದಿದೆ. ಕಟ್ಟಡ ಒಬ್ಬರದು, ಮಳಿಗೆಗಳು ಹಲವರವು, ಓಡಾಟದ ದಾರಿ ಎಲ್ಲರದು. ಇದೇ ತತ್ತ್ವವನ್ನು ಕಚೇರಿಗೆ ಅನ್ವಯಿಸಿದಾಗ ದೊರೆಯುವುದೇ ಕೋ-ವರ್ಕಿಂಗ್, ಅರ್ಥಾತ್ ಹಂಚಿಕೆ ಕಚೇರಿ. ಮೇಜು, ವಿದ್ಯುತ್, ಅಂತರ್ಜಾಲ, ಸಭಾಕೊಠಡಿ ಮತ್ತು ಸ್ವಾಗತ ಸಿಬ್ಬಂದಿಯನ್ನು ಒಳಗೊಂಡ ಸಿದ್ಧ ಕಚೇರಿಯನ್ನು ಆಸನದ ಲೆಕ್ಕದಲ್ಲಿ, ತಿಂಗಳ ಶುಲ್ಕಕ್ಕೆ ಒದಗಿಸುವುದು ಈ ಉದ್ಯಮದ ಸ್ವರೂಪ.

2020ರ ಕೋವಿಡ್ ಅವಧಿಯ ತರುವಾಯ ಮನೆಯಿಂದಲೂ ಸ್ವಂತ ಊರಿನಿಂದಲೂ ಕೆಲಸ ಮಾಡುವ ಪದ್ಧತಿ ಬೆಳೆಯಿತು. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಸಂಸ್ಥೆಯು ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದಲ್ಲಿ ಮೈಸೂರನ್ನು ಪ್ರಮುಖ ಕೇಂದ್ರವಾಗಿ ಗುರುತಿಸಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡಿತು. ಈ ಹಿನ್ನೆಲೆಯಲ್ಲಿ ತಮ್ಮ ಕಟ್ಟಡದ ಖಾಲಿ ಮಹಡಿಯನ್ನು ಹಂಚಿಕೆ ಕಚೇರಿಗೆ ಕೊಡಬಹುದೇ ಎಂದು ಮಾಲೀಕರು ಆಲೋಚಿಸುವುದು ಸಹಜ. ಅಂತಹವರ ಮುಂದೆ ಈ ಉದ್ಯಮದ ಯಶಸ್ವಿ ನಾಯಕರ ಹೆಸರುಗಳನ್ನು ಇಡಲಾಗುತ್ತದೆ. ಆ ನಾಯಕರಿಂದ ಕಲಿಯಬೇಕಾದುದೇನು ಎಂಬುದೇ ಪ್ರಸ್ತುತ ಲೇಖನದ ವಸ್ತು.

ಆರಂಭದ ದಿನಗಳು

ಸಿದ್ಧ ಕಚೇರಿಯನ್ನು ಜಾಗತಿಕ ಉದ್ಯಮವನ್ನಾಗಿ ಬೆಳೆಸಿದವರಲ್ಲಿ ಬ್ರಿಟನ್ನಿನ ಮಾರ್ಕ್ ಡಿಕ್ಸನ್ ಅಗ್ರಗಣ್ಯರು. ಅವರು 1989ರಲ್ಲಿ ಬ್ರಸೆಲ್ಸ್ ನಗರದಲ್ಲಿ ರೀಜಸ್ ಸಂಸ್ಥೆಯನ್ನು ಆರಂಭಿಸಿದರು. ಹಂಚಿಕೆ ಕಚೇರಿಯ ಈಗಿನ ರೂಪಕ್ಕೆ ನಾಂದಿ ಹಾಡಿದವರು ತಂತ್ರಾಂಶ ತಜ್ಞ ಬ್ರ್ಯಾಡ್ ನ್ಯೂಬರ್ಗ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2005ರ ಆಗಸ್ಟ್ 9ರಂದು ಅವರು ತೆರೆದ ತಾಣಕ್ಕೆ ವಾರದಲ್ಲಿ ಎರಡು ದಿನಗಳ ಬಳಕೆಗಾಗಿ ತಿಂಗಳಿಗೆ 300 ಡಾಲರ್ ಬಾಡಿಗೆ ತೆರುತ್ತಿದ್ದರು. ಮೊದಲ ತಿಂಗಳು ಯಾರೊಬ್ಬರೂ ಬರಲಿಲ್ಲ. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಈ ಉದ್ಯಮದ ಮೂಲಭೂತ ಅಪಾಯ ಆ ಮೊದಲ ತಿಂಗಳಲ್ಲಿಯೇ ಗೋಚರಿಸಿತ್ತು.

ಆ ಅಪಾಯವನ್ನು ಲೆಕ್ಕಶಾಸ್ತ್ರದ ಭಾಷೆಯಲ್ಲಿ ಅವಧಿಯ ಹೊಂದಾಣಿಕೆಯ ಕೊರತೆ ಎನ್ನಬಹುದು. ನಿರ್ವಾಹಕನು ಕಟ್ಟಡದ ಮಾಲೀಕನಿಗೆ ಹಲವು ವರ್ಷಗಳ ಬಾಡಿಗೆಯ ವಾಗ್ದಾನ ಮಾಡಿರುತ್ತಾನೆ. ಅವನ ಗ್ರಾಹಕನಾದರೋ ಒಂದು ತಿಂಗಳ ಸೂಚನೆ ಕೊಟ್ಟು ಹೊರಡಬಲ್ಲ. ಹೊಣೆ ದೀರ್ಘಾವಧಿಯದು, ಆದಾಯ ಅಲ್ಪಾವಧಿಯದು.

ರೀಜಸ್‌ಗೆ ಇದರ ಪೆಟ್ಟು ಬೇಗನೆ ತಗುಲಿತು. ಅಂತರ್ಜಾಲ ಕಂಪನಿಗಳ ಭರಾಟೆ ಕುಸಿದ ತರುವಾಯ, 2003ರ ಜನವರಿಯಲ್ಲಿ ಅದರ ಅಮೆರಿಕದ ವ್ಯವಹಾರವು ದಿವಾಳಿ ಸಂರಕ್ಷಣೆಗೆ ಮೊರೆಹೋಗಬೇಕಾಯಿತು. ಡಿಕ್ಸನ್ ಅವರು ಮಾಲೀಕರೊಡನೆ ಮಾತುಕತೆ ನಡೆಸಿ, ಬಾಡಿಗೆಯ ಹೊರೆಯನ್ನು ಮರುರೂಪಿಸಿ ಸಂಸ್ಥೆಯನ್ನು ಉಳಿಸಿಕೊಂಡರು. ಐ.ಡಬ್ಲ್ಯು.ಜಿ. ಎಂಬ ಹೆಸರಿನ ಆ ಸಮೂಹವು ಈಚಿನ ವರ್ಷಗಳಲ್ಲಿ ಸ್ವಂತ ಗುತ್ತಿಗೆಗಿಂತ ನಿರ್ವಹಣಾ ಕರಾರು ಮತ್ತು ಫ್ರಾಂಚೈಸಿಗಳಿಗೆ ಒತ್ತು ನೀಡಿದೆ.

2010ರಲ್ಲಿ ನ್ಯೂಯಾರ್ಕಿನಲ್ಲಿ ವೀವರ್ಕ್ ಸಂಸ್ಥೆಯನ್ನು ಆರಂಭಿಸಿದ ಆಡಂ ನ್ಯೂಮನ್ ಮತ್ತು ಮಿಗೆಲ್ ಮೆಕೆಲ್ವಿ ಅವರಿಗೆ ಈ ಪಾಠ ಲಭ್ಯವಿತ್ತು. ಆದರೂ 2019ರ ಜನವರಿಯಲ್ಲಿ ಸುಮಾರು 4,700 ಕೋಟಿ ಡಾಲರ್ ಮೌಲ್ಯ ಪಡೆದಿದ್ದ ಸಂಸ್ಥೆ, ಅದೇ ವರ್ಷದ ಆಗಸ್ಟ್‌ನಲ್ಲಿ ಪ್ರಕಟಿಸಿದ ಷೇರು ಪ್ರಸ್ತಾವದಲ್ಲಿ ತೋರಿಸಿದ ಭವಿಷ್ಯದ ಬಾಡಿಗೆ ಹೊಣೆಯೂ ಸುಮಾರು 4,700 ಕೋಟಿ ಡಾಲರ್! ಗ್ರಾಹಕರಿಂದ ಖಚಿತವಾಗಿದ್ದ ಆದಾಯ ಸುಮಾರು 400 ಕೋಟಿ ಡಾಲರ್ ಮಾತ್ರ. ಸೆಪ್ಟೆಂಬರ್‌ನಲ್ಲಿ ನ್ಯೂಮನ್ ಮುಖ್ಯಾಧಿಕಾರಿಯ ಸ್ಥಾನ ತ್ಯಜಿಸಿದರು, ಷೇರು ಪ್ರಸ್ತಾವವೂ ಹಿಂದಕ್ಕೆ ಹೋಯಿತು. 2023ರ ನವೆಂಬರ್‌ನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿ, 2024ರ ಜೂನ್‌ನಲ್ಲಿ ಅದರಿಂದ ಹೊರಬಂದಿತು.

ಭಾರತದ ಮುಂದಾಳುಗಳು

ಭಾರತದಲ್ಲಿ ಈ ಉದ್ಯಮದ ಹಲವು ಹೆಸರುಗಳು ಬೆಂಗಳೂರಿನೊಡನೆ ಬೆಸೆದುಕೊಂಡಿವೆ. ವೀವರ್ಕ್ ಇಂಡಿಯಾ 2017ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿತು. ಬೆಂಗಳೂರಿನ ಎಂಬೆಸಿ ಸಮೂಹದ ಹಿಡಿತದಲ್ಲಿ, ಕರಣ್ ವೀರ್ವಾನಿ ಅವರ ನೇತೃತ್ವದಲ್ಲಿ ನಡೆದ ಈ ಕಂಪನಿಯು 2023ರ ಅಮೆರಿಕದ ದಿವಾಳಿ ಪ್ರಕ್ರಿಯೆಯ ಹೊರಗೇ ಉಳಿದು, 2025ರ ಅಕ್ಟೋಬರ್‌ನಲ್ಲಿ ಷೇರುಪೇಟೆ ಪ್ರವೇಶಿಸಿತು. ಹೆಸರು ಒಂದೇ ಆದರೂ ಹೊಣೆ ಬೇರೆ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು.

ರಿಷಿ ದಾಸ್ ಮತ್ತು ಮೇಘನಾ ಅಗರ್ವಾಲ್ ಅವರು 2015ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಇಂಡಿಕ್ಯೂಬ್, ಹಳೆಯ ಕಟ್ಟಡಗಳನ್ನು ನವೀಕರಿಸಿ ಕಚೇರಿಯಾಗಿಸುವ ಕಾರ್ಯಕ್ಕೆ ಹೆಸರಾಗಿದ್ದು, 2025ರ ಜುಲೈನಲ್ಲಿ ಷೇರುಪೇಟೆಗೆ ಬಂದಿತು. 2024-25ರಲ್ಲಿ ಅದು ಸುಮಾರು 140 ಕೋಟಿ ರೂಪಾಯಿ ನಷ್ಟ ತೋರಿಸಿದೆ. ಇದನ್ನು ಕಂಡು ಗಾಬರಿಯಾಗುವುದೂ ಸಲ್ಲದು, ಕಡೆಗಣಿಸುವುದೂ ಸಲ್ಲದು. 2019ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇಂಡ್ ಎ.ಎಸ್. 116 ಲೆಕ್ಕಮಾನಕದ ಪ್ರಕಾರ ಗುತ್ತಿಗೆಯ ಪೂರ್ಣ ಹೊಣೆಯನ್ನು ಆಸ್ತಿ-ಹೊಣೆ ಪಟ್ಟಿಯಲ್ಲಿ ತೋರಿಸಿ, ಬಾಡಿಗೆಯ ಬದಲು ಸವಕಳಿ ಮತ್ತು ಬಡ್ಡಿಯನ್ನು ಖರ್ಚು ಹಾಕಬೇಕು. ಗುತ್ತಿಗೆಯ ಮೊದಲ ವರ್ಷಗಳಲ್ಲಿ ಈ ಮೊತ್ತವು ಪಾವತಿಸಿದ ಬಾಡಿಗೆಗಿಂತ ಹೆಚ್ಚಾಗಿರುತ್ತದೆ. ಆದುದರಿಂದ ಲಾಭ-ನಷ್ಟದ ಪಟ್ಟಿಯೊಂದಿಗೆ ನಗದು ಹರಿವಿನ ಪಟ್ಟಿಯನ್ನೂ ಓದತಕ್ಕದ್ದು.

ಮೂರನೆಯವರು ಔಫಿಸ್ ಸಂಸ್ಥೆಯ ಅಮಿತ್ ರಮಾನಿ. ಈ ಸಂಸ್ಥೆ 2024ರ ಮೇ ತಿಂಗಳಲ್ಲಿ ಷೇರುಪೇಟೆ ಪ್ರವೇಶಿಸಿತು. ಒಳಾಂಗಣ ಸಜ್ಜಿಕೆಯ ಬಂಡವಾಳವನ್ನು ಭಾಗಶಃ ಅಥವಾ ಪೂರ್ಣವಾಗಿ ಕಟ್ಟಡದ ಮಾಲೀಕನೇ ಭರಿಸಿ, ಗಳಿಕೆಯಲ್ಲಿ ಪಾಲು ಪಡೆಯುವ ಮಾದರಿಯನ್ನು ಇದು ವ್ಯಾಪಕವಾಗಿ ಬಳಸಿತು. ನಿರ್ವಾಹಕನ ದೃಷ್ಟಿಯಿಂದ ಇದು ನಿಸ್ಸಂದೇಹವಾಗಿ ಜಾಣ್ಮೆಯ ಹೆಜ್ಜೆ. ಆದರೆ ಮೈಸೂರಿನ ವ್ಯಾಪಾರಸ್ಥನು ಈ ವ್ಯವಹಾರದಲ್ಲಿ ನಿರ್ವಾಹಕನಾಗುವುದಕ್ಕಿಂತ ಮಾಲೀಕನಾಗಿರುವ ಸಂಭವವೇ ಅಧಿಕ. ಅವನ ಪಾಲಿನ ಲೆಕ್ಕ ಬೇರೆ.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. 4,000 ಚದರಡಿಯ ಮಹಡಿಯಲ್ಲಿ 60 ಆಸನಗಳಿವೆ. ಆಸನವೊಂದಕ್ಕೆ ತಿಂಗಳ ಶುಲ್ಕ 7,500 ರೂಪಾಯಿ. ಚದರಡಿಗೆ 30 ರೂಪಾಯಿಯಂತೆ ಬಾಡಿಗೆ 1,20,000, ದೈನಂದಿನ ನಿರ್ವಹಣೆ 1,20,000, ಸಜ್ಜಿಕೆಗೆ ತೊಡಗಿಸಿದ 36 ಲಕ್ಷವನ್ನು 60 ತಿಂಗಳಿಗೆ ಹಂಚಿದರೆ 60,000. ತಿಂಗಳ ಒಟ್ಟು ವೆಚ್ಚ 3,00,000 ರೂಪಾಯಿ.

ನಿಗದಿತ ಬಾಡಿಗೆಯ ಪದ್ಧತಿಯಲ್ಲಿ ನಿರ್ವಾಹಕನಿಗೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ 40 ಆಸನಗಳು. 30 ಆಸನ ಮಾತ್ರ ತುಂಬಿದರೆ ಅವನಿಗೆ ತಿಂಗಳಿಗೆ 75,000 ನಷ್ಟ. ಮಾಲೀಕನಿಗೆ ಎಂದಿನಂತೆ 1,20,000 ಬರುತ್ತದೆ.

ಈಗ ಸಜ್ಜಿಕೆಯನ್ನು ಮಾಲೀಕನೇ ಮಾಡಿಸಿ, ಬಾಡಿಗೆಯ ಬದಲು ವಸೂಲಿಯ ಅರ್ಧ ಪಾಲು ಪಡೆಯುವನೆಂದು ಭಾವಿಸೋಣ. 30 ಆಸನಗಳ ವಸೂಲಿ 2,25,000. ಮಾಲೀಕನ ಪಾಲು 1,12,500. ಸಜ್ಜಿಕೆಯ 60,000 ಕಳೆದರೆ ಅವನಿಗೆ ಉಳಿಯುವುದು 52,500. ನಿರ್ವಾಹಕನ ನಷ್ಟ ಕೇವಲ 7,500. ಅವನ ನಷ್ಟ ಇಳಿದದ್ದು 67,500, ಮಾಲೀಕನ ಆದಾಯ ಕುಗ್ಗಿದ್ದೂ ಸರಿಯಾಗಿ 67,500. ಅಪಾಯವು ಮಾಯವಾಗಲಿಲ್ಲ, ಕೈ ಬದಲಾಯಿಸಿತು.

ಅರವತ್ತೂ ಆಸನಗಳು ತುಂಬಿದಾಗ ಮಾಲೀಕನಿಗೆ ನಿವ್ವಳ 1,65,000 ದೊರೆಯುವುದು ನಿಜ. ಆದರೆ ಸಾಮಾನ್ಯ ಬಾಡಿಗೆಯಷ್ಟು ಸಿಗಬೇಕಾದರೂ 48 ಆಸನಗಳು, ಅಂದರೆ ಶೇಕಡಾ 80ರಷ್ಟು, ಸದಾ ತುಂಬಿರಬೇಕು. ನಿರ್ವಾಹಕನಿಗೆ ಸಾಕಾಗುವುದು 32 ಆಸನ. 32 ಮತ್ತು 48ರ ನಡುವೆ ಒಬ್ಬನಿಗೆ ಲಾಭವಿದ್ದಾಗಲೂ ಮತ್ತೊಬ್ಬನು ಬಾಡಿಗೆಗೆ ಕೊಟ್ಟಿದ್ದರೆ ಚೆನ್ನಾಗಿತ್ತೆಂದು ಪರಿತಪಿಸುತ್ತಿರುತ್ತಾನೆ.

ಕಟ್ಟಡದ ಮಾಲೀಕರು ಗಮನಿಸಬೇಕಾದ ಅಂಶಗಳು

1. ಪಾಲುದಾರಿಕೆಯ ಮಾದರಿಯಲ್ಲಿ ಕನಿಷ್ಠ ಖಾತರಿ ಮೊತ್ತವಿರಲಿ. ಅದು ಸಜ್ಜಿಕೆಯ ಸಾಲದ ಕಂತಿಗಿಂತ ಕಡಿಮೆಯಾಗಬಾರದು.

2. ಪಾಲು ವಸೂಲಿಯ ಮೇಲೋ ಲಾಭದ ಮೇಲೋ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಲಿ. ಲಾಭದ ಮೇಲಾದರೆ ಯಾವ ಖರ್ಚುಗಳನ್ನು ಕಳೆಯಬಹುದೆಂಬ ಪಟ್ಟಿ ಇರಲಿ. ಲೆಕ್ಕ ಪರಿಶೀಲಿಸುವ ಹಕ್ಕು ಮಾಲೀಕನಿಗಿರಲಿ.

3. ಸಹಿ ಮಾಡುವ ಕಂಪನಿ ಯಾವುದೆಂದು ನೋಡಬೇಕು. ಫಲಕದ ಮೇಲಿನ ಹೆಸರು ಒಂದು, ಕರಾರಿನಲ್ಲಿರುವ ಕಂಪನಿ ಮತ್ತೊಂದು ಆಗಿರಬಹುದು.

4. ಒಂದು ವರ್ಷ ಮೀರಿದ ಗುತ್ತಿಗೆ ಪತ್ರಕ್ಕೆ 1908ರ ನೋಂದಣಿ ಕಾಯಿದೆಯ ಪ್ರಕಾರ ನೋಂದಣಿ ಕಡ್ಡಾಯ. ಈ ಖರ್ಚು ಯಾರದೆಂಬುದನ್ನು ಮೊದಲೇ ತೀರ್ಮಾನಿಸಬೇಕು.

5. ವಾಣಿಜ್ಯ ಬಾಡಿಗೆಗೆ ಜಿ.ಎಸ್.ಟಿ. ದರ ಶೇಕಡಾ 18. ಮಾಲೀಕನು ನೋಂದಣಿ ಹೊಂದಿರದೆ ಬಾಡಿಗೆದಾರ ನೋಂದಾಯಿತನಾಗಿದ್ದಲ್ಲಿ, 2024ರ ಅಕ್ಟೋಬರ್ 10ರಿಂದ ಬಾಡಿಗೆದಾರನೇ ರಿವರ್ಸ್ ಚಾರ್ಜ್ ಪ್ರಕಾರ ತೆರಿಗೆ ಕಟ್ಟಬೇಕು. ರಾಜಿ ತೆರಿಗೆ ಪದ್ಧತಿಯ ಬಾಡಿಗೆದಾರರನ್ನು 2025ರ ಜನವರಿ 16ರಿಂದ ಇದರಿಂದ ಹೊರಗಿಡಲಾಗಿದೆ.

6. ಕಟ್ಟಡದ ದುರಸ್ತಿಗೆಂದು ಪ್ರತ್ಯೇಕ ನಿಧಿ ಇರಲಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿಯಾದುದನ್ನೂ, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದುದನ್ನೂ ಮೈಸೂರಿನ ವರ್ತಕರು ಮರೆಯಲಾರರು. ಹಲವರು ಬಳಸುವ ಕಟ್ಟಡದ ದುರಸ್ತಿ ಯಾರ ಹೊಣೆಯೆಂಬುದು ಕಾಗದದ ಮೇಲೆ ಇರಲೇಬೇಕು.

ಆಸನ ಪಡೆಯುವ ಉದ್ಯಮಿಗಳಿಗೆ

ಹೆಬ್ಬಾಳ, ಹೂಟಗಳ್ಳಿ ಅಥವಾ ಮೇಟಗಳ್ಳಿಯ ಸಣ್ಣ ಕೈಗಾರಿಕೋದ್ಯಮಿಗೆ ಬೆಂಗಳೂರಿನಲ್ಲಿ ಮಾರಾಟ ಪ್ರತಿನಿಧಿಗಾಗಿ ಒಂದೆರಡು ಆಸನ ಬೇಕಾದಲ್ಲಿ ಈ ವ್ಯವಸ್ಥೆ ಅನುಕೂಲಕರ. ದೊಡ್ಡ ಮುಂಗಡವಾಗಲಿ, ಪೀಠೋಪಕರಣದ ವೆಚ್ಚವಾಗಲಿ ಇರುವುದಿಲ್ಲ. ಕಟ್ಟಿದ ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆಯೂ ನಿಯಮಾನುಸಾರ ದೊರೆಯುತ್ತದೆ. ಆದರೆ ಚೆನ್ನೈ ಅಥವಾ ಹೈದರಾಬಾದಿನಲ್ಲಿ ಆಸನ ಪಡೆದರೆ ಸ್ಥಿತಿ ಬೇರೆ. ಸ್ಥಿರಾಸ್ತಿಗೆ ಸಂಬಂಧಿಸಿದ ಸೇವೆಯ ಪೂರೈಕೆ ಸ್ಥಳವು ಆಸ್ತಿ ಇರುವ ರಾಜ್ಯವೇ ಆದುದರಿಂದ, ಅಲ್ಲಿನ ರಾಜ್ಯ ಜಿ.ಎಸ್.ಟಿ. ವಿಧಿಸಿದಾಗ ಕರ್ನಾಟಕದ ನೋಂದಣಿಯಲ್ಲಿ ಜಮೆ ದೊರೆಯದು. ಆಗ ಶೇಕಡಾ 18 ಸಂಪೂರ್ಣ ಖರ್ಚೇ ಆಗುತ್ತದೆ. ಬೆಲೆ ಹೋಲಿಸುವಾಗ ಇದನ್ನು ಸೇರಿಸಿಕೊಳ್ಳಬೇಕು.

ಹಂಚಿಕೆ ಕಚೇರಿಯ ಆಸನದಾರನಿಗೆ ಸಾಮಾನ್ಯವಾಗಿ ದೊರೆಯುವುದು ಗುತ್ತಿಗೆಯ ಹಕ್ಕಲ್ಲ, ಬಳಕೆಯ ಪರವಾನಗಿ ಮಾತ್ರ. ನಿರ್ವಾಹಕನು ಬಾಡಿಗೆ ಬಾಕಿ ಉಳಿಸಿಕೊಂಡರೆ ಆಸನದಾರನ ಸ್ಥಾನ ದುರ್ಬಲವಾಗುತ್ತದೆ. ಆದುದರಿಂದ ಠೇವಣಿ ಒಂದೆರಡು ತಿಂಗಳಿನ ಶುಲ್ಕವನ್ನು ಮೀರದಿರುವುದು ಲೇಸು.

ಡಿಕ್ಸನ್, ರಮಾನಿ, ದಾಸ್, ಅಗರ್ವಾಲ್, ವೀರ್ವಾನಿ ಮೊದಲಾದವರ ಸಾಧನೆ ಅಧ್ಯಯನಕ್ಕೆ ಯೋಗ್ಯವೇ ಸರಿ. ನಿರ್ವಾಹಕನಾಗ ಬಯಸುವವನು ಅವರಿಂದ ಹೊಣೆಯನ್ನು ಹಗುರಗೊಳಿಸುವ ಕಲೆಯನ್ನು ಕಲಿಯಬೇಕು. ಕಟ್ಟಡದ ಮಾಲೀಕನಾದರೋ, ಹಗುರಗೊಂಡ ಆ ಹೊಣೆ ಯಾರ ಹೆಗಲೇರಿತೆಂದು ವಿಚಾರಿಸಬೇಕು. ಸಹಿ ಮಾಡುವ ಮುನ್ನ ಅರ್ಧ ಆಸನ ಮಾತ್ರ ತುಂಬಿದ ತಿಂಗಳಿನ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ನೋಡುವುದು ಉತ್ತಮ. ಆ ತಿಂಗಳನ್ನೂ ಸಾಲದ ಕಂತು ತಪ್ಪದೆ ದಾಟಬಹುದೆಂದು ಕಂಡುಬಂದಲ್ಲಿ ಮಾತ್ರ ಮುಂದುವರಿಯಬಹುದು.